26 ಗಂಟೆಗಳಲ್ಲಿ ಎರಡು ರಾಜೀನಾಮೆ: 2010ರ ಗಾರ್ಡನ್ ಬ್ರೌನ್ ಪ್ರಕರಣ

2010ರ ಮೇ 10, ಸೋಮವಾರ ಸಂಜೆ ಐದರ ಹೊತ್ತಿಗೆ ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್ ಲಂಡನ್ನಿನ ಡೌನಿಂಗ್ ಸ್ಟ್ರೀಟ್ 10ನೇ ನಂಬರಿನ ಮನೆಯಿಂದ ಹೊರಗೆ ಬಂದು, ಬೀದಿಯಲ್ಲಿ ಕಾಯುತ್ತಿದ್ದ ಕ್ಯಾಮೆರಾಗಳ ಮುಂದೆ ನಿಂತು, ತಾವು ಲೇಬರ್ ಪಕ್ಷದ ನಾಯಕತ್ವವನ್ನು ಬಿಟ್ಟುಕೊಡುವುದಾಗಿ ಪ್ರಕಟಿಸಿದರು. ಮರುದಿನ ಸಂಜೆ ಏಳು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ಅದೇ ಬಾಗಿಲಿನಿಂದ ಮತ್ತೊಮ್ಮೆ ಹೊರಗೆ ಬಂದು, ಪ್ರಧಾನಿ ಹುದ್ದೆಗೂ ರಾಜೀನಾಮೆ ಸಲ್ಲಿಸಲು ಬಕಿಂಗ್‌ಹ್ಯಾಮ್ ಅರಮನೆಗೆ ಹೊರಟಿರುವುದಾಗಿ ತಿಳಿಸಿದರು. ಎರಡು ಪ್ರಕಟಣೆಗಳ ನಡುವಿನ ಅಂತರ ಸುಮಾರು 26 ಗಂಟೆ. ಮೊದಲನೆಯದನ್ನು ದೇಶದ ದೊಡ್ಡದೊಂದು ಭಾಗ ಸಿಟ್ಟು ಮತ್ತು ಅನುಮಾನಗಳಿಂದ ಬರಮಾಡಿಕೊಂಡಿತು. ಎರಡನೆಯದಕ್ಕೆ ಅವರ ಕಡು ವಿರೋಧಿಗಳ ಬಾಯಿಂದಲೂ ಒಳ್ಳೆಯ ಮಾತು ಬಂತು. ಈ 26 ಗಂಟೆಗಳಲ್ಲಿ ಚುನಾವಣೆಯ ಫಲಿತಾಂಶ ಬದಲಾಗಿರಲಿಲ್ಲ, ಆ ಮನುಷ್ಯನ ಸ್ವಭಾವವೂ ಬದಲಾಗಿರಲಿಲ್ಲ. ಹಾಗಿದ್ದರೆ ಬದಲಾದದ್ದು ಏನು ಎಂಬುದು ಈ ಅಧ್ಯಯನದ ಪ್ರಶ್ನೆ.

ಮತ ಕೊಟ್ಟವರು ಹೇಳಿದ್ದು

ಮೇ 6ರ ಗುರುವಾರ ನಡೆದ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ಸಿಗಲಿಲ್ಲ. 650 ಸದಸ್ಯರ ಹೌಸ್ ಆಫ್ ಕಾಮನ್ಸ್‌ನಲ್ಲಿ, ಒಬ್ಬ ಅಭ್ಯರ್ಥಿಯ ನಿಧನದಿಂದಾಗಿ ಮುಂದೂಡಿ ಆಮೇಲೆ ಮತದಾನ ನಡೆದ ಒಂದು ಕ್ಷೇತ್ರವನ್ನೂ ಸೇರಿಸಿದರೆ, ಡೇವಿಡ್ ಕ್ಯಾಮರೂನ್ ನೇತೃತ್ವದ ಕನ್ಸರ್ವೇಟಿವ್ ಪಕ್ಷಕ್ಕೆ 306, ಲೇಬರ್ ಪಕ್ಷಕ್ಕೆ 258, ನಿಕ್ ಕ್ಲೆಗ್ ನೇತೃತ್ವದ ಲಿಬರಲ್ ಡೆಮಾಕ್ರಾಟರಿಗೆ 57 ಸ್ಥಾನಗಳು ಬಂದವು. ಸರಳ ಬಹುಮತಕ್ಕೆ 326 ಬೇಕಿತ್ತು. ಉತ್ತರ ಐರ್ಲೆಂಡಿನ ಶಿನ್ ಫೇನ್ ಪಕ್ಷದ ಐವರು ಸದಸ್ಯರು ತಮ್ಮ ನಿಲುವಿನಂತೆ ಸದನದಲ್ಲಿ ಕೂರುವುದಿಲ್ಲವಾದ್ದರಿಂದ ಕಾರ್ಯತಃ ಅದಕ್ಕಿಂತ ಕೊಂಚ ಕಡಿಮೆ ಸಾಕಿತ್ತು. ಮತಪ್ರಮಾಣ ಕ್ರಮವಾಗಿ ಶೇ 36, ಶೇ 29 ಮತ್ತು ಶೇ 23. ಲೇಬರ್ ಪಕ್ಷ 90ಕ್ಕೂ ಹೆಚ್ಚು ಸ್ಥಾನಗಳನ್ನು ಕಳೆದುಕೊಂಡಿತ್ತು. 1983ರ ನಂತರ ಅದಕ್ಕೆ ಇಷ್ಟು ಕಡಿಮೆ ಮತ ಬಂದದ್ದೇ ಇಲ್ಲ.

ಈ ಅಂಕಿಗಳನ್ನು ಎರಡು ರೀತಿಯಲ್ಲಿ ಓದಬಹುದಿತ್ತು, ಜನ ಎರಡೂ ರೀತಿಯಲ್ಲಿ ಓದಿದರು. ಯಾರೂ ಗೆದ್ದಿಲ್ಲ ಎಂಬುದು ಒಂದು ಓದು. ಯಾರು ಗೆದ್ದರೋ ಗೊತ್ತಿಲ್ಲ, ಸೋತವರು ಯಾರು ಎಂಬುದರಲ್ಲಿ ಮಾತ್ರ ಸಂಶಯವಿಲ್ಲ ಎಂಬುದು ಇನ್ನೊಂದು. ಲೇಬರ್ ಪಕ್ಷದ ತಂತ್ರಗಾರರು ಮೊದಲನೆಯದನ್ನು ನಂಬಿಕೊಂಡರು, ಬಹುಪಾಲು ಪತ್ರಿಕೆಗಳು ಎರಡನೆಯದನ್ನು ಹಿಡಿದವು. ಐದು ದಿನಗಳ ಜಗಳದ ಬೇರು ಇಲ್ಲಿದೆ.

ಇದೇ ಅಂಕಿಗಳ ಒಳಗೆ ಇನ್ನೊಂದು ಚಿತ್ರವೂ ಇತ್ತು. ಸ್ಕಾಟ್ಲೆಂಡಿನ 59 ಸ್ಥಾನಗಳ ಪೈಕಿ 41 ಲೇಬರ್ ಪಾಲಾದವು, ಕನ್ಸರ್ವೇಟಿವ್ ಪಕ್ಷಕ್ಕೆ ಅಲ್ಲಿ ಸಿಕ್ಕಿದ್ದು ಒಂದೇ ಒಂದು. ಬ್ರೌನ್ ತಮ್ಮ ಕರ್ಕ್‌ಕಾಲ್ಡಿ ಮತ್ತು ಕೌಡನ್‌ಬೀತ್ ಕ್ಷೇತ್ರದಲ್ಲಿ 23,009 ಮತಗಳ ಅಂತರದಿಂದ ಗೆದ್ದರು. ದಕ್ಷಿಣ ಇಂಗ್ಲೆಂಡಿನ ಮತದಾರ ಮನೆಗೆ ಕಳುಹಿಸಿದ ಮನುಷ್ಯನನ್ನು ಅವರ ಊರಿನವರು ಎತ್ತಿ ಹಿಡಿದಿದ್ದರು. ಲಂಡನ್ನಿನ ಪತ್ರಿಕೆಗಳ ಶೀರ್ಷಿಕೆಗಳನ್ನಷ್ಟೇ ಓದಿ ಬ್ರಿಟನ್ನಿನ ಜನ ಹೀಗೆ ಭಾವಿಸಿದರು ಎಂದು ಬರೆಯುವವರು ಈ ಲೆಕ್ಕವನ್ನು ಮರೆಯುವುದೇ ಹೆಚ್ಚು.

ಠಿಕಾಣಿ ಎಂಬ ಮಾತು

ಫಲಿತಾಂಶದ ಮರುದಿನದಿಂದಲೇ ಬ್ರೌನ್ ಅವರ ಮೇಲೆ ಬಿದ್ದ ಮುಖ್ಯ ಆರೋಪ, ಸೋತ ಮೇಲೂ ಅವರು ಕುರ್ಚಿ ಬಿಡುತ್ತಿಲ್ಲ ಎಂಬುದು. ಮೇ 8ರ ಶನಿವಾರ 'ದಿ ಸನ್' ಪತ್ರಿಕೆ, 59 ವರ್ಷದ ವ್ಯಕ್ತಿಯೊಬ್ಬ ಸಂಸತ್ತಿನ ಬಳಿಯ ಐಷಾರಾಮಿ ಮನೆಯೊಂದರಲ್ಲಿ ಅಕ್ರಮವಾಗಿ ಠಿಕಾಣಿ ಹೂಡಿದ್ದಾನೆ ಎಂಬ ಧಾಟಿಯಲ್ಲಿ, ಅಪರಾಧ ಸುದ್ದಿಯ ಶೈಲಿಯನ್ನು ಅನುಕರಿಸಿ ಮುಖಪುಟವನ್ನು ರೂಪಿಸಿತು. ಕುಹಕ ಚುರುಕಾಗಿತ್ತು, ಆದ್ದರಿಂದಲೇ ಅದು ಬಾಯಿಂದ ಬಾಯಿಗೆ ಹರಡಿತು. ಆದರೆ ಆ ಮಾತು 'ಸನ್' ಪತ್ರಿಕೆಯ ಸೃಷ್ಟಿಯೇನಲ್ಲ. ಮತದಾನಕ್ಕೆ ಹತ್ತು ಹನ್ನೊಂದು ದಿನ ಮೊದಲು, ಏಪ್ರಿಲ್ 25ರಂದು, ಟಿ.ವಿ. ಸಂದರ್ಶನವೊಂದರಲ್ಲಿ ನಿಕ್ ಕ್ಲೆಗ್ ಅವರೇ, ಮತಗಳ ಲೆಕ್ಕದಲ್ಲಿ ಮೂರನೆಯ ಸ್ಥಾನಕ್ಕಿಳಿದ ಪಕ್ಷ 10ನೇ ನಂಬರಿನಲ್ಲಿ ಠಿಕಾಣಿ ಹೂಡಿರುವ ಹಕ್ಕು ಕೇಳುವುದು ಅಸಂಬದ್ಧ ಎಂದಿದ್ದರು. ಕೊನೆಗೆ ಮೂರನೆಯ ಸ್ಥಾನಕ್ಕೆ ಇಳಿದದ್ದು ಕ್ಲೆಗ್ ಅವರ ಪಕ್ಷವೇ. ಆದರೂ ಆ ಮಾತು ಮಾತ್ರ ಬ್ರೌನ್ ಅವರನ್ನು ಬಿಡಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, 1974ರ ಫೆಬ್ರವರಿಯ ಅತಂತ್ರ ಫಲಿತಾಂಶದ ನಂತರ ನಾಲ್ಕು ದಿನ ಹುದ್ದೆಯಲ್ಲಿ ಉಳಿದಿದ್ದ ಕನ್ಸರ್ವೇಟಿವ್ ಪ್ರಧಾನಿ ಎಡ್ವರ್ಡ್ ಹೀತ್ ಅವರಿಗೂ ಆ ಕಾಲದ ವಾರಪತ್ರಿಕೆಯೊಂದು ಇದೇ ಪದವನ್ನು ಬಳಸಿತ್ತು. ಬ್ರಿಟನ್ನಿನ ರಾಜಕೀಯ ಭಾಷೆಯಲ್ಲಿ ಈ ಬೈಗುಳ ಪಕ್ಷ ನೋಡಿ ಅಂಟುವಂಥದ್ದಲ್ಲ ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕು.

ಆದರೆ ನಿಯಮ ಹೇಳುತ್ತಿದ್ದುದೇ ಬೇರೆ. ಬ್ರಿಟನ್ನಿಗೆ ಒಂದೇ ಗ್ರಂಥದಲ್ಲಿ ಬರೆದಿಟ್ಟ ಸಂವಿಧಾನವಿಲ್ಲ. ಅಲ್ಲಿ ಬಹಳಷ್ಟು ನಡೆಯುವುದು ರೂಢಿಯ ಬಲದಿಂದ. ಅತಂತ್ರ ಸಂಸತ್ತು ಬರಬಹುದೆಂಬ ಸೂಚನೆ ಇದ್ದುದರಿಂದ, ಸಂಪುಟ ಕಾರ್ಯದರ್ಶಿ ಗಸ್ ಓ'ಡೊನೆಲ್ ಆ ವರ್ಷದ ಫೆಬ್ರವರಿಯಲ್ಲೇ ಈ ರೂಢಿಗಳನ್ನು ಬರೆದಿಡುವ ಸಂಪುಟ ಕೈಪಿಡಿಯ ಕರಡು ಅಧ್ಯಾಯವೊಂದನ್ನು ಸಂಸದೀಯ ಸಮಿತಿಯ ಮುಂದಿಟ್ಟಿದ್ದರು. ಆ ಕೈಪಿಡಿಯನ್ನು ಸಿದ್ಧಪಡಿಸಲು ಹೇಳಿದವರು ಬ್ರೌನ್ ಅವರೇ. ಯಾರಿಗೂ ಬಹುಮತ ಬಾರದಿದ್ದಾಗ ಹಾಲಿ ಸರ್ಕಾರ ಹುದ್ದೆಯಲ್ಲೇ ಮುಂದುವರಿಯುತ್ತದೆ, ಮುಂದಿನ ಸರ್ಕಾರವನ್ನು ಯಾರು ನಡೆಸಬಲ್ಲರು ಎಂಬುದು ಸ್ಪಷ್ಟವಾಗುವವರೆಗೆ ಪ್ರಧಾನಿ ಜಾಗ ಖಾಲಿ ಮಾಡಬಾರದು, ಪಕ್ಷಗಳ ಲೆಕ್ಕಾಚಾರದ ನಡುವೆ ರಾಣಿಯನ್ನು ಎಳೆದು ತರಬಾರದು ಎಂಬುದು ಅದರ ಸಾರ. ಅತಂತ್ರ ವಿಧಾನಸಭೆಯೆಂದರೆ ರಾಜಭವನದ ಕಡೆ ಕಣ್ಣು ಹೋಗುವ ನಮಗೆ, ಅರಮನೆಯನ್ನು ಇಷ್ಟು ಜತನದಿಂದ ದೂರ ಇಡುವ ಈ ಪದ್ಧತಿ ವಿಚಿತ್ರವೆನಿಸಬಹುದು.

ಹುದ್ದೆಯಲ್ಲಿ ಉಳಿಯುವುದು ಕೇವಲ ವಿಧಿಯ ಮಾತೂ ಆಗಿರಲಿಲ್ಲ. ಆ ವಾರವೇ ಗ್ರೀಸಿನ ಸಾಲದ ಬಿಕ್ಕಟ್ಟು ಯೂರೋಪನ್ನೆಲ್ಲ ನಡುಗಿಸುತ್ತಿತ್ತು. ಮೇ 9ರ ಭಾನುವಾರ ಬ್ರಸೆಲ್ಸ್‌ನಲ್ಲಿ ಯೂರೋಪಿನ ಹಣಕಾಸು ಸಚಿವರು ತುರ್ತಾಗಿ ಸೇರಿ, ನಡುರಾತ್ರಿ ದಾಟುವವರೆಗೂ ಚರ್ಚಿಸಿ 750 ಶತಕೋಟಿ ಯೂರೋಗಳ ರಕ್ಷಣಾ ವ್ಯವಸ್ಥೆಗೆ ಒಪ್ಪಿದರು. ಬ್ರಿಟನ್ನಿನ ಪರವಾಗಿ ಅಲ್ಲಿ ಕುಳಿತವರು ಮೂರು ದಿನಗಳ ಹಿಂದೆ ಬಹುಮತ ಕಳೆದುಕೊಂಡಿದ್ದ ಸರ್ಕಾರದ ಹಣಕಾಸು ಸಚಿವ ಅಲಿಸ್ಟರ್ ಡಾರ್ಲಿಂಗ್. ಹೋಗುವ ಮುನ್ನ ಅವರು ವಿರೋಧಿ ಪಕ್ಷಗಳ ತಮ್ಮ ಸಮಾನರೊಡನೆ ಸಮಾಲೋಚಿಸಿದ್ದರು. ಶುಕ್ರವಾರವೇ ಬ್ರೌನ್ ರಾಜೀನಾಮೆ ಬಿಸಾಡಿ ನಡೆದಿದ್ದರೆ ಆ ಕುರ್ಚಿಯಲ್ಲಿ ಯಾರು ಕೂರಬೇಕಿತ್ತು ಎಂಬ ಪ್ರಶ್ನೆಗೆ ಠಿಕಾಣಿ ಎಂದು ಹಂಗಿಸಿದವರು ಉತ್ತರ ಕೊಡಲಿಲ್ಲ. ಯಾರೂ ಕೇಳಲೂ ಇಲ್ಲ.

ಇಲ್ಲಿ ಜನರನ್ನು ದೂರುವುದು ಸುಲಭ. ಆದರೆ ಕರಡು ಅಧ್ಯಾಯವನ್ನು ಓದಿದವರು ಅಧಿಕಾರಿಗಳು, ಪ್ರಾಧ್ಯಾಪಕರು, ಬೆರಳೆಣಿಕೆಯ ಪತ್ರಕರ್ತರು. ಮತದಾರನಿಗೆ ಗೊತ್ತಿದ್ದ ರೂಢಿ ಒಂದೇ: ಚುನಾವಣೆಯ ಮಾರನೆಯ ದಿನವೇ ಸೋತವರ ಸಾಮಾನು ಹೊರಗೆ ಬರುತ್ತದೆ, ಗೆದ್ದವರ ಕಾರು ಒಳಗೆ ಬರುತ್ತದೆ. 1997ರಲ್ಲಿ ಟೋನಿ ಬ್ಲೇರ್ ಬಂದದ್ದು ಹಾಗೆಯೇ. 36 ವರ್ಷಗಳಲ್ಲಿ ಮೊದಲ ಬಾರಿಗೆ ಬಂದ ಅತಂತ್ರ ಫಲಿತಾಂಶದ ನಂತರವೂ ಅದೇ ವೇಗವನ್ನು ನಿರೀಕ್ಷಿಸಿದವರನ್ನು ಅಜ್ಞಾನಿಗಳೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಬೀದಿಯಲ್ಲಿ ಸೇರಿದವರ ಬೇಡಿಕೆ

ಅದೇ ಶನಿವಾರ ಲಂಡನ್ನಿನಲ್ಲಿ ಕಂಡ ಬಹಿರಂಗ ಪ್ರತಿಭಟನೆ ಬ್ರೌನ್ ಅವರ ವಿರುದ್ಧವಾಗಿರಲಿಲ್ಲ ಎಂಬುದು ಗಮನಿಸತಕ್ಕ ಸಂಗತಿ. ಲಿಬರಲ್ ಡೆಮಾಕ್ರಾಟ್ ಸಂಸದರು ಸ್ಮಿತ್ ಸ್ಕ್ವೇರ್‌ನ ಕಟ್ಟಡವೊಂದರಲ್ಲಿ ಸಭೆ ಸೇರಿದ್ದಾಗ, ನೇರಳೆ ಬಣ್ಣದ ಬಟ್ಟೆ, ಪಟ್ಟಿಗಳನ್ನು ಧರಿಸಿದ ಸುಮಾರು ಸಾವಿರ ಜನ ಹೊರಗೆ ನೆರೆದು ನ್ಯಾಯವಾದ ಮತಪದ್ಧತಿ ಬೇಕೆಂದು ಕೂಗಿದರು. ಅವರ ಸಿಟ್ಟಿಗೆ ಕಾರಣ ಆ ಪಕ್ಷದ ಲೆಕ್ಕದಲ್ಲೇ ಇತ್ತು: ಹಿಂದಿನ ಬಾರಿಗಿಂತ ಹೆಚ್ಚು ಮತ ಪಡೆದೂ ಅದು ಐದು ಸ್ಥಾನಗಳನ್ನು ಕಳೆದುಕೊಂಡಿತ್ತು, ಶೇ 23 ಮತಕ್ಕೆ ಅದಕ್ಕೆ ಸಂದದ್ದು ಶೇ 9ರಷ್ಟೂ ಇಲ್ಲದ ಸ್ಥಾನ. ಕ್ಲೆಗ್ ಹೊರಗೆ ಬಂದು, ಅವರದೇ ಧ್ವನಿವರ್ಧಕವನ್ನು ಕೈಗೆ ತೆಗೆದುಕೊಂಡು, ನಾಲ್ಕು ಮಾತನಾಡಿ ಒಳಗೆ ಹೋದರು. ಅಂದರೆ ಯಾರು ಪ್ರಧಾನಿ ಎಂಬುದಕ್ಕಿಂತ ಮುಂದಿನ ಬಾರಿ ಮತ ಎಣಿಸುವುದು ಹೇಗೆ ಎಂಬುದು ಮುಖ್ಯವಾಗಿದ್ದ ಜನವೂ ಆ ವಾರ ಇದ್ದರು, ಮತ್ತು ಬೀದಿಗಿಳಿಯುವಷ್ಟು ಕಾವು ಇದ್ದದ್ದು ಅವರಲ್ಲೇ. ಬ್ರೌನ್ ಅವರ ಮೊದಲ ರಾಜೀನಾಮೆ ಈ ಜನರಿಗೆ ಒಳ್ಳೆಯ ಸುದ್ದಿ; ಏಕೆಂದರೆ ಕ್ಲೆಗ್ ಲೇಬರ್ ಕಡೆ ತಿರುಗಲು ಇದ್ದ ದೊಡ್ಡ ಅಡ್ಡಿ ಬ್ರೌನ್ ಎಂಬುದು ಎಲ್ಲರಿಗೂ ತಿಳಿದಿತ್ತು.

ಮೊದಲ ರಾಜೀನಾಮೆ

ಸೋಮವಾರದ ಮಾತುಗಳನ್ನು ನಿಧಾನವಾಗಿ ಓದಬೇಕು. ಯಾವ ಪಕ್ಷಕ್ಕೂ ಬಹುಮತ ಬಂದಿಲ್ಲ, ಪಕ್ಷದ ನಾಯಕನಾಗಿ ಅದನ್ನು ನನ್ನ ಮೇಲಿನ ತೀರ್ಪೆಂದು ಸ್ವೀಕರಿಸಬೇಕು ಎಂದು ಬ್ರೌನ್ ಹೇಳಿದರು. ಲೇಬರ್ ಪಕ್ಷದೊಡನೆ ಔಪಚಾರಿಕ ಮಾತುಕತೆಗೆ ಕ್ಲೆಗ್ ಮುಂದಾಗಿರುವುದನ್ನು ತಿಳಿಸಿದರು. ಹೊಸ ನಾಯಕನ ಆಯ್ಕೆಯ ಪ್ರಕ್ರಿಯೆ ಆರಂಭಿಸುವಂತೆ ಪಕ್ಷವನ್ನು ಕೇಳುವುದಾಗಿ, ತಾವು ಸ್ಪರ್ಧಿಸುವುದಿಲ್ಲ, ಯಾರ ಪರವೂ ನಿಲ್ಲುವುದಿಲ್ಲವೆಂದು, ಶರತ್ಕಾಲದ ಪಕ್ಷದ ಸಮಾವೇಶದ ಹೊತ್ತಿಗೆ ಹೊಸ ನಾಯಕ ಬಂದಿರಬೇಕೆಂಬುದು ತಮ್ಮ ಆಶಯವೆಂದು ಹೇಳಿದರು. ಅಂದರೆ ರಾಜೀನಾಮೆ ಪ್ರಕಟವಾಯಿತು, ಆದರೆ ಅದರ ದಿನಾಂಕ ನಾಲ್ಕು ತಿಂಗಳಾಚೆ ಇತ್ತು. ಆ ನಾಲ್ಕು ತಿಂಗಳು ಪ್ರಧಾನಿಯಾಗಿ ಮುಂದುವರಿಯುವ ಸಾಧ್ಯತೆ ಆ ಮಾತಿನ ಒಳಗೇ ಇತ್ತು.

ಕ್ಲೆಗ್ ಅದನ್ನು ದೇಶಹಿತದ ದೃಷ್ಟಿಯಿಂದ ಕೈಗೊಂಡ, ವೈಯಕ್ತಿಕವಾಗಿ ಕಷ್ಟದ ತೀರ್ಮಾನವೆಂದು ಗೌರವಿಸಿದರು. ಉಳಿದವರು ಅಷ್ಟು ಉದಾರವಾಗಿರಲಿಲ್ಲ. ಕೆಲವೇ ಗಂಟೆಗಳಲ್ಲಿ ಕನ್ಸರ್ವೇಟಿವ್ ಪಕ್ಷದ ವಿಲಿಯಂ ಹೇಗ್, ಅಭ್ಯರ್ಥಿಗಳಿಗೆ ಆದ್ಯತೆಯ ಕ್ರಮದಲ್ಲಿ ಮತ ಕೊಡುವ ಪರ್ಯಾಯ ಮತಪದ್ಧತಿಯ ಬಗ್ಗೆ ಜನಮತ ಸಂಗ್ರಹಕ್ಕೆ ತಮ್ಮ ಪಕ್ಷ ಸಿದ್ಧವೆಂದು ಪ್ರಕಟಿಸಿ, ಕ್ಲೆಗ್ ಲೇಬರ್ ಜೊತೆಗಿನ ದಾರಿ ಹಿಡಿದರೆ ದೇಶಕ್ಕೆ ಸತತವಾಗಿ ಎರಡನೆಯ ಬಾರಿ ಚುನಾವಣೆ ಎದುರಿಸದ ಪ್ರಧಾನಿ ಬರುತ್ತಾರೆ ಎಂದು ಚುಚ್ಚಿದರು. ಈ ಚುಚ್ಚು ಗುರಿ ತಲುಪಿತು. ಬ್ರೌನ್ 2007ರಲ್ಲಿ ಪಕ್ಷದೊಳಗೆ ಸ್ಪರ್ಧೆಯೇ ಇಲ್ಲದೆ ನಾಯಕರಾದವರು, ಆ ಶರತ್ಕಾಲದಲ್ಲಿ ಚುನಾವಣೆ ನಡೆಸುವ ಸೂಚನೆ ಕೊಟ್ಟು ಹಿಂದೆ ಸರಿದವರು. ಈಗ ಅವರ ಜಾಗಕ್ಕೆ ಬರುವವರನ್ನು ಮತದಾರ ಪ್ರಚಾರದ ಟಿ.ವಿ. ಚರ್ಚೆಗಳಲ್ಲಿ ಕಂಡಿರಲೂ ಇಲ್ಲ. ಸಂಸದೀಯ ಪದ್ಧತಿಯಲ್ಲಿ ಜನ ಆರಿಸುವುದು ಸಂಸದರನ್ನೇ ಹೊರತು ಪ್ರಧಾನಿಯನ್ನಲ್ಲ ಎಂಬ ವಾದ ಸರಿಯೇ. ಆದರೆ ಮೂವರು ನಾಯಕರನ್ನು ಮೊದಲ ಬಾರಿಗೆ ಟಿ.ವಿ. ವೇದಿಕೆಯ ಮೇಲೆ ನಿಲ್ಲಿಸಿ ಇಡೀ ಪ್ರಚಾರವನ್ನು ಅವರ ಸುತ್ತ ಕಟ್ಟಿದ ವರ್ಷದಲ್ಲಿ ಆ ವಾದ ಯಾರ ಕಿವಿಗೂ ಇಳಿಯಲಿಲ್ಲ.

ಆ ಸಂಜೆಯ ಉದ್ವೇಗಕ್ಕೆ ಸ್ಕೈ ನ್ಯೂಸ್ ವಾಹಿನಿಯ ನೇರ ಪ್ರಸಾರ ಕನ್ನಡಿ ಹಿಡಿಯಿತು. ಬ್ಲೇರ್ ಅವರ ಮಾಜಿ ಸಂವಹನ ಮುಖ್ಯಸ್ಥ ಅಲಿಸ್ಟರ್ ಕ್ಯಾಂಪ್‌ಬೆಲ್, ಚುನಾವಣೆಯಲ್ಲಿ ಯಾರೂ ಗೆದ್ದಿಲ್ಲ ಎಂಬ ತಮ್ಮ ಮಾತನ್ನು ಶಾಂತವಾಗಿ ಮತ್ತೆ ಮತ್ತೆ ಹೇಳುತ್ತ, ವಾಹಿನಿಯ ರಾಜಕೀಯ ಸಂಪಾದಕ ಆಡಂ ಬೌಲ್ಟನ್ ಅವರಿಗೆ ಕ್ಯಾಮರೂನ್ ಪ್ರಧಾನಿಯಾಗಬೇಕೆಂಬ ಆಸೆಯಿದೆ ಎಂದು ಕೆಣಕಿದರು. ಬೌಲ್ಟನ್ ಕೆಂಡಾಮಂಡಲವಾಗಿ, ನಾನು ಏನು ಯೋಚಿಸುತ್ತೇನೆಂದು ನೀವು ನನಗೆ ಹೇಳಬೇಡಿ ಎಂದು ಬೆರಳು ತೋರಿಸಿ ಕೂಗಿದರು. ಪಕ್ಕದಲ್ಲಿದ್ದ ನಿರೂಪಕರು ಇಬ್ಬರನ್ನೂ ಸಮಾಧಾನಪಡಿಸಲು ಪಟ್ಟ ಪಾಡು ನೋಡುವಂತಿತ್ತು. ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ಗೆ 1,000ಕ್ಕೂ ಹೆಚ್ಚು ದೂರುಗಳು ಹೋದವು. ನಿಯಮ ಉಲ್ಲಂಘನೆಯಾಗಿಲ್ಲವೆಂದು ಅದು ತೀರ್ಮಾನಿಸಿತು. ಯಾರೂ ಗೆದ್ದಿಲ್ಲ ಎನ್ನುವ ಓದು, ಸೋತವರು ಗೊತ್ತು ಎನ್ನುವ ಓದು, ಎರಡೂ ಒಂದೇ ಮೇಜಿನ ಮುಂದೆ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದದ್ದನ್ನು ದೇಶ ಅಂದು ನೋಡಿತು.

ಮಂಗಳವಾರ ಬೆಳಗಿನ 'ಡೈಲಿ ಮೇಲ್' ಮುಖಪುಟ ಇದನ್ನು ಪ್ರಜಾಪ್ರಭುತ್ವದ ಪಾಲಿಗೆ ಹೊಲಸು ದಿನವೆಂದು ಕರೆಯಿತು. ಆ ಪತ್ರಿಕೆಯಿಂದ ಬೇರೇನನ್ನೂ ನಿರೀಕ್ಷಿಸುವಂತಿರಲಿಲ್ಲ. ಹೆಚ್ಚು ತೂಕದ ಪೆಟ್ಟು ಬಿದ್ದದ್ದು ಮನೆಯೊಳಗಿನಿಂದ. ಲೇಬರ್ ಪಕ್ಷದ ಮಾಜಿ ಗೃಹ ಸಚಿವರಾದ ಡೇವಿಡ್ ಬ್ಲಂಕೆಟ್ ಮತ್ತು ಜಾನ್ ರೀಡ್, ಸೋತ ಎರಡು ಪಕ್ಷಗಳು ಕೂಡಿಕೊಂಡು ಅಧಿಕಾರಕ್ಕೆ ಬಂದರೆ ಮತದಾರ ಕ್ಷಮಿಸುವುದಿಲ್ಲ ಎಂಬರ್ಥದ ಮಾತುಗಳನ್ನು ಬಹಿರಂಗವಾಗಿ ಆಡಿದರು. ಅಂಕಗಣಿತವೂ ಅವರ ಪರವಾಗಿತ್ತು. ಲೇಬರ್ ಮತ್ತು ಲಿಬರಲ್ ಡೆಮಾಕ್ರಾಟರು ಕೂಡಿದರೆ 315. ಸಣ್ಣ ಪಕ್ಷಗಳನ್ನೂ ಪಕ್ಷೇತರರನ್ನೂ ಒಬ್ಬೊಬ್ಬರಾಗಿ ಹಿಡಿದು ತಂದರೆ ಮಾತ್ರ ಗೆರೆ ದಾಟಬಹುದಿತ್ತು. ಅಂಥ ಸರ್ಕಾರ ಪ್ರತಿ ಮಸೂದೆಗೂ ಬಾಗಿಲು ಬಾಗಿಲಿಗೆ ಹೋಗಬೇಕಾಗುತ್ತಿತ್ತು.

ಎರಡನೆಯ ರಾಜೀನಾಮೆ

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಲೇಬರ್ ಜೊತೆಗಿನ ಮಾತುಕತೆ ಮುರಿದುಬಿದ್ದಿತ್ತು. ಕ್ಲೆಗ್ ಇನ್ನೂ ಸ್ವಲ್ಪ ಸಮಯ ಕೇಳುತ್ತಿದ್ದರು. ಕನ್ಸರ್ವೇಟಿವ್ ಪಕ್ಷದೊಡನೆ ಒಪ್ಪಂದ ಪೂರ್ತಿಯಾಗುವವರೆಗೆ ಬ್ರೌನ್ ಹುದ್ದೆಯಲ್ಲಿ ಇರಲಿ ಎಂಬುದು ಅವರ ಕೋರಿಕೆ. ಜನರ ತಾಳ್ಮೆ ತೀರಿದೆ, ಇನ್ನು ಕಾಯಲಾರೆ, ಅರಮನೆಗೆ ಹೋಗಲೇಬೇಕು ಎಂದು ಬ್ರೌನ್ ಫೋನಿನಲ್ಲಿ ಹೇಳಿದರು. ಕುರ್ಚಿ ಬಿಡುತ್ತಿಲ್ಲವೆಂದು ಐದು ದಿನ ಹಂಗಿಸಿಕೊಂಡ ಮನುಷ್ಯನನ್ನು ಕೊನೆಯ ಗಳಿಗೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತಿರಿ ಎಂದು ಬೇಡಿಕೊಂಡವರು, ಠಿಕಾಣಿ ಎಂಬ ಪದವನ್ನು ಆ ಚುನಾವಣೆಯಲ್ಲಿ ಮೊದಲು ಬಿತ್ತಿದವರೇ. ಆ ಕೊನೆಯ ಗಂಟೆಗಳಲ್ಲಿ ಒಳಗಿದ್ದ 'ಗಾರ್ಡಿಯನ್' ಪತ್ರಿಕೆಯ ಛಾಯಾಗ್ರಾಹಕ ಮಾರ್ಟಿನ್ ಆರ್ಗಲ್ಸ್ ತೆಗೆದ ಚಿತ್ರಗಳಲ್ಲಿ, ಸಹೋದ್ಯೋಗಿಗಳ ನಡುವೆ ತಮ್ಮ ಇಬ್ಬರು ಪುಟ್ಟ ಗಂಡುಮಕ್ಕಳೊಡನೆ ಇರುವ, ಬಹಳ ದಿನಗಳ ನಂತರ ಹಗುರಾದಂತೆ ಕಾಣುವ ಬ್ರೌನ್ ಇದ್ದಾರೆ.

ಹೊರಗೆ ಬಂದಾಗ ಅವರು ಆಡಿದ ಮಾತುಗಳು ಚಿಕ್ಕವು. ಈ ಹುದ್ದೆ ಮನುಷ್ಯ ಸ್ವಭಾವದ ಒಳ್ಳೆಯದನ್ನೂ ಅದರ ದೌರ್ಬಲ್ಯಗಳನ್ನೂ, ತಮ್ಮದನ್ನೂ ಸೇರಿಸಿ, ತಮಗೆ ತೋರಿಸಿತು ಎಂದರು. ತಾವು ಹೊಂದಬಹುದಾಗಿದ್ದ ಎರಡನೆಯ ಅತಿ ಮುಖ್ಯ ಕೆಲಸವನ್ನು ಬಿಡುತ್ತಿರುವಾಗ ಮೊದಲನೆಯದು, ಗಂಡ ಮತ್ತು ತಂದೆಯ ಕೆಲಸ, ಇನ್ನಷ್ಟು ಪ್ರಿಯವಾಗಿದೆ ಎಂದರು. ಆಮೇಲೆ ಹೆಂಡತಿ ಸಾರಾ ಮತ್ತು ಮಕ್ಕಳ ಕೈ ಹಿಡಿದು ಕಾರಿನ ಕಡೆ ನಡೆದರು. ಪ್ರಧಾನಿಯಾಗಿದ್ದ ಮೂರು ವರ್ಷ ಮಕ್ಕಳನ್ನು ಕ್ಯಾಮೆರಾಗಳಿಂದ ಹಟ ಹಿಡಿದು ದೂರ ಇಟ್ಟಿದ್ದ ಕುಟುಂಬ ಹಾಗೆ ಒಟ್ಟಿಗೆ ಕಾಣಿಸಿಕೊಂಡದ್ದು ಅಂದೇ. ಆ ಸಂಜೆಯೇ ಅವರು ಪಕ್ಷದ ನಾಯಕತ್ವವನ್ನೂ ತಕ್ಷಣದಿಂದ ಬಿಟ್ಟರು; ಹ್ಯಾರಿಯೆಟ್ ಹಾರ್ಮನ್ ಹಂಗಾಮಿ ನಾಯಕಿಯಾದರು. ಸೋಮವಾರ ಪ್ರಕಟಿಸಿದ್ದ ನಾಲ್ಕು ತಿಂಗಳು ಒಂದು ದಿನಕ್ಕೆ ಇಳಿದಿತ್ತು.

ಪ್ರತಿಕ್ರಿಯೆ ತಿರುಗಿದ ವೇಗ ಆಶ್ಚರ್ಯ ತರುವಂಥದ್ದು. ಹೊಸ ಪ್ರಧಾನಿ ಕ್ಯಾಮರೂನ್ ತಮ್ಮ ಮೊದಲ ಭಾಷಣದಲ್ಲೇ ಬ್ರೌನ್ ಅವರ ದೀರ್ಘಕಾಲದ ಸಾರ್ವಜನಿಕ ಸೇವೆಯನ್ನು ಸ್ಮರಿಸಿದರು. ಅದು ಶಿಷ್ಟಾಚಾರ. ಆದರೆ ಶಿಷ್ಟಾಚಾರದ ಹಂಗಿಲ್ಲದ ಅಂಕಣಕಾರರೂ, ಸಾಮಾನ್ಯ ವೀಕ್ಷಕರೂ, ಈ ಮನುಷ್ಯ ಪ್ರಚಾರದುದ್ದಕ್ಕೂ ಹೀಗೆ ಮಾತನಾಡಿದ್ದರೆ ಚೆನ್ನಾಗಿತ್ತು ಎಂಬ ಧಾಟಿಯಲ್ಲಿ ಪ್ರತಿಕ್ರಿಯಿಸಿದರು. ಮುಂದಿನ ದಿನಗಳಲ್ಲಿ ಲೇಬರ್ ಪಕ್ಷಕ್ಕೆ ಸಾವಿರಾರು ಹೊಸ ಸದಸ್ಯರು ಸೇರಿದರು. ಅವರಲ್ಲಿ ಹಲವರನ್ನು ಎಳೆದು ತಂದದ್ದು ಬ್ರೌನ್ ಮೇಲಿನ ಮರುಕಕ್ಕಿಂತ ಕ್ಲೆಗ್ ಮೇಲಿನ ಸಿಟ್ಟು ಎಂದು ನನ್ನ ಅಂದಾಜು.

ಮಕ್ಕಳ ಕೈ ಹಿಡಿದ ದೃಶ್ಯವೇ ಮನಸ್ಸು ಕರಗಿಸಿತು ಎಂದು ಆ ತಿರುವನ್ನು ವಿವರಿಸುವವರಿದ್ದಾರೆ. ದೃಶ್ಯದ ಬಲವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಆ ವಿವರಣೆ ನನಗೆ ಸಾಲದು. ಸೋಮವಾರದ ರಾಜೀನಾಮೆಯಲ್ಲಿ ಒಂದು ಕೊಡುಕೊಳ್ಳುವಿಕೆ ಇತ್ತು: ನಾನು ಹೋಗುತ್ತೇನೆ, ಪಕ್ಷಕ್ಕೆ ಅಧಿಕಾರ ಉಳಿಯಲಿ. ನಿರ್ಗಮನದ ದಿನಾಂಕವೇ ಅಲ್ಲಿ ಮಾತುಕತೆಯ ಸರಕು. ರಾಜೀನಾಮೆ ಎಂಬ ಪದಕ್ಕೆ ಜನ ಹಚ್ಚುವ ಅಳತೆಗೋಲು ಸರಳವಾದದ್ದು. ಬಿಟ್ಟವನಿಗೆ ಬಿಟ್ಟದ್ದರಿಂದ ಏನು ದಕ್ಕಿತು ಎಂದು ಅವರು ನೋಡುತ್ತಾರೆ. ಸೋಮವಾರ ಆ ಪ್ರಶ್ನೆಗೆ ಉತ್ತರವಿತ್ತು, ಮಂಗಳವಾರ ಇರಲಿಲ್ಲ. ಹಾಗೆಂದು ಸೋಮವಾರದ ನಡೆ ಅಪ್ರಾಮಾಣಿಕವಾಗಿತ್ತು ಎಂದಲ್ಲ. ಅತಂತ್ರ ಫಲಿತಾಂಶ ಬಂದಾಗ ತನ್ನ ಪಕ್ಷದ ದಾರಿಗೆ ತಾನೇ ಅಡ್ಡಿಯೆಂದು ತಿಳಿದ ನಾಯಕ ಪಕ್ಕಕ್ಕೆ ಸರಿಯುವುದು ನ್ಯಾಯವಾದ ರಾಜಕಾರಣವೇ, ಮತ್ತು ಆ ದಿನ ಬ್ರೌನ್ ಕಳೆದುಕೊಂಡದ್ದು ಮಂಗಳವಾರ ಕಳೆದುಕೊಂಡದ್ದಕ್ಕಿಂತ ಕಡಿಮೆಯೇನಲ್ಲ. ಆದರೂ ಅದಕ್ಕೆ ಸಿಕ್ಕ ಗೌರವ ಬಹಳ ಕಡಿಮೆ. ಆ ವಾರ ಅವರಿಗೆ ಆದ ಅನ್ಯಾಯವೆಂದರೆ ನನ್ನ ಲೆಕ್ಕದಲ್ಲಿ ಇದೊಂದೇ.

ಆಮೇಲಿನದು

1974ರ ಹೀತ್ ಪ್ರಕರಣವನ್ನು ಪಕ್ಕದಲ್ಲಿಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. 297 ಸ್ಥಾನ ಪಡೆದ ಹೀತ್, 301 ಪಡೆದ ಲೇಬರ್ ಪಕ್ಷಕ್ಕೆ ದಾರಿ ಬಿಡುವ ಮುನ್ನ ಲಿಬರಲ್ ನಾಯಕ ಜೆರೆಮಿ ಥಾರ್ಪ್ ಅವರೊಡನೆ ಮಾತುಕತೆ ನಡೆಸಿದರು, ಅದು ಫಲಿಸದೆ ಪ್ರಧಾನಿ ಹುದ್ದೆ ಬಿಟ್ಟರು. ಆದರೆ ಪಕ್ಷದ ನಾಯಕತ್ವವನ್ನು ಬಿಡಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಮತ್ತೊಮ್ಮೆ ಸೋತು, 1975ರ ಫೆಬ್ರವರಿಯಲ್ಲಿ ಮಾರ್ಗರೆಟ್ ಥ್ಯಾಚರ್ ಅವರ ಸವಾಲಿನ ಎದುರು ಅದನ್ನೂ ಕಳೆದುಕೊಂಡರು. ಎರಡು ಹುದ್ದೆಗಳನ್ನು ಬೇರೆಬೇರೆಯಾಗಿ ಬಿಡಬಹುದು ಎಂಬುದು ಇಬ್ಬರಿಗೂ ಗೊತ್ತಿತ್ತು. ಬ್ರೌನ್ ಆ ಕ್ರಮವನ್ನು ತಲೆಕೆಳಗು ಮಾಡಿದರು.

ನೇರಳೆ ಬಟ್ಟೆಯವರು ಬೇಡಿದ ಮತಪದ್ಧತಿಯ ಬದಲಾವಣೆ, ಅದೂ ಅವರು ಬಯಸಿದ್ದಕ್ಕಿಂತ ತೆಳುವಾದ ರೂಪದಲ್ಲಿ, 2011ರ ಮೇ 5ರಂದು ಜನಮತಕ್ಕೆ ಬಂದು ಸುಮಾರು ಶೇ 68 ಮತಗಳಿಂದ ತಿರಸ್ಕೃತವಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಸಂಪುಟ ಕೈಪಿಡಿಯ ಪೂರ್ಣ ರೂಪ ಪ್ರಕಟವಾಯಿತು. ಅತಂತ್ರ ಫಲಿತಾಂಶದ ನಂತರ ಹಾಲಿ ಪ್ರಧಾನಿ ಎಷ್ಟು ದಿನ ಹುದ್ದೆಯಲ್ಲಿ ಇರಬೇಕು ಎಂಬಲ್ಲಿ ಅದು ಕೊಡುವ ಉತ್ತರ ಹೀಗಿದೆ: ಮುಂದಿನ ಸರ್ಕಾರ ರಚಿಸಲು ಯಾರನ್ನು ಕರೆಯಬೇಕೆಂಬ ಸ್ಪಷ್ಟ ಸಲಹೆ ನೀಡುವ ಸ್ಥಿತಿ ಬರುವವರೆಗೆ ಹಿಂದಿನ ಪ್ರಧಾನಿಗಳು ರಾಜೀನಾಮೆ ಸಲ್ಲಿಸಿಲ್ಲವೆಂದು ಇತ್ತೀಚಿನ ಉದಾಹರಣೆಗಳು ಸೂಚಿಸುತ್ತವೆ, ಈ ಉದಾಹರಣೆಗಳು ಒಂದು ಸಾಂವಿಧಾನಿಕ ರೂಢಿಯನ್ನು ಸ್ಥಾಪಿಸಿವೆಯೆಂದು ಮುಂದೆ ಪರಿಗಣಿಸಲಾಗುವುದೇ ಎಂಬುದನ್ನು ಕಾದು ನೋಡಬೇಕು.